ಮೇಸ್ತ್ರಿಯ ಬೈಬಲ್ಲಿನ ಜಿಪ್ಪು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಜಿಪ್ಪು. ಗಾರೆ ಮೇಸ್ತ್ರಿಯ ಬೈಬಲ್ಲಿಗೆ ಕಪ್ಪು ಚರ್ಮದ ಕವರಿತ್ತು, ಕವರಿನ ಮೂರು ಕಡೆಗೂ ಜಿಪ್ಪಿತ್ತು. ಹೋದ ವರ್ಷ ಊಟದ ಬಿಡುವಿನಲ್ಲಿ ಓದೋಣವೆಂದು ಅವನು ಅದನ್ನು ಕೆಲಸದ ಜಾಗಕ್ಕೆ ಒಯ್ದು ಸಿಮೆಂಟು ಮೂಟೆಗಳ ಪಕ್ಕ ಇಟ್ಟಿದ್ದ. ಒಂದು ಮೂಟೆ ಒಡೆಯಿತು, ಯಾರೋ ಬಕೆಟ್ಟು ಎಡವಿ ನೀರು ಚೆಲ್ಲಿದರು. ಪುಸ್ತಕಕ್ಕೆ ಏನೂ ಆಗಲಿಲ್ಲ. ಜಿಪ್ಪಿನ ಹಲ್ಲುಗಳ ನಡುವೆ ಮಾತ್ರ ಸಿಮೆಂಟು ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು.

ಇವತ್ತು ಬಿಡಿಸೋಣ, ನಾಳೆ ಬಿಡಿಸೋಣ ಎಂದು ವರ್ಷ ಕಳೆಯಿತು. ಆದರೆ ದಿನಾ ಬೆಳಿಗ್ಗೆ ಬೈಬಲ್ಲು ಹಿಡಿದು ಮಹಡಿಗೆ ಹೋಗುವ ಅಭ್ಯಾಸವನ್ನು ಅವನು ಬಿಡಲಿಲ್ಲ. ಮಹಡಿಯಲ್ಲಿ ಗಾಳಿ ಚೆನ್ನಾಗಿತ್ತು. ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೊರಗಿದರೆ ಅರ್ಧ ಗಂಟೆ ಸುಖನಿದ್ರೆ. ಕೆಳಗೆ ಹೆಂಡತಿ ಪಾತ್ರೆ ಸದ್ದು ಮಾಡದೆ ತೊಳೆಯುತ್ತಿದ್ದಳು, ಗಂಡನ ಓದಿಗೆ ಭಂಗ ಬರಬಾರದೆಂದು. ಗಂಡ ದಿನಾ ಬೈಬಲ್ ಓದುತ್ತಾನೆಂದು ಅವಳು ಇಡೀ ಬೀದಿಗೆ ಸಾರಿಯೂ ಬಂದಿದ್ದಳು.

ಆ ಶನಿವಾರ ಕಾಫಿ ಕೊಡುತ್ತಾ ಅವಳು ಹೇಳಿದಳು, "ಸಂಜೆ ಪ್ರಾರ್ಥನಾ ಕೂಟ ನಮ್ಮನೇಲೇ. ಚರ್ಚಿನ ಸಭೆ ಹಿರಿಯರೂ ಬರ್ತಾರೆ. ದಿನಾ ಬೈಬಲ್ ಯಾಕೆ ಓದ್ಬೇಕು, ಹೇಗೆ ಓದ್ಬೇಕು ಅಂತ ನೀವೇ ಮಾತಾಡ್ಬೇಕಂತೆ."

ಮೇಸ್ತ್ರಿ ಕಾಫಿ ಲೋಟ ಕೆಳಗಿಟ್ಟ. "ನಾನಾ?"

"ಮತ್ತೆ ನಮ್ಮಪ್ಪನಾ? ಒಂದು ಭಾಗ ತೆಗೆದು ಓದಿ, ಅರ್ಥ ಹೇಳಿ. ನಿಮಗೇನು, ನೀರು ಕುಡಿದಷ್ಟು ಸುಲಭ." ಹೇಳುವಾಗ ಅವಳ ಮುಖ ಅರಳಿತ್ತು. ಆ ಮುಖ ಹತ್ತು ಜನರೆದುರು ಬಾಡುವುದನ್ನು ನೆನೆದೇ ಮೇಸ್ತ್ರಿಗೆ ಬೆವರು ಕಿತ್ತುಕೊಂಡು ಬಂತು.

ಹಿತ್ತಲಿಗೆ ಓಡಿ ಜಿಪ್ಪಿಗೆ ಸೋಪು ಉಜ್ಜಿದ, ಎಣ್ಣೆ ಬಿಟ್ಟ, ಇಕ್ಕಳ ಹಾಕಿ ಎಳೆದ. ಎಳೆಯುವ ತುಂಡು ಕಿತ್ತು ಕೈಗೆ ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಪೋಸ್ಟ್‌ಮಾವ ಕಾಂಪೌಂಡಿನ ಮೇಲಿಂದ ಇಣುಕಿದರು. ಅಂಚೆ ಹಂಚಿ ನಿವೃತ್ತರಾದ ಮೇಲೆ ಅವರು ಬುದ್ಧಿವಾದ ಹಂಚುತ್ತಿದ್ದರು.

"ಏನು ಮೇಸ್ತ್ರಿ, ಬೈಬಲ್ ಒರೆಸ್ತಾ ಇದೀಯಾ? ಒಳ್ಳೇದು. ಸಂಜೆ ಒಂದು ಮಾತು ಹೇಳು. ಗಬಗಬ ಓದ್ಬಾರ್ದು. ಮೆಲುಕು ಹಾಕ್ಬೇಕು, ಹಸು ಹಾಕಿದ ಹಾಗೆ."

"ಹೂಂ ಮಾವ." ಮೊದಲು ಬಾಯಿಗೆ ಬರಬೇಕಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಮೇಸ್ತ್ರಿ ಪುಸ್ತಕವನ್ನು ಅಂಗಿಯೊಳಗೆ ತುರುಕಿ ಟೈಲರಮ್ಮನ ಅಂಗಡಿಗೆ ಓಡಿದ.

ಟೈಲರಮ್ಮ ಬೀದಿಯ ಬಟ್ಟೆಗಳನ್ನು ಹೊಲಿಯುತ್ತಿದ್ದಳು, ಬೀದಿಯ ಸುದ್ದಿಗಳನ್ನೂ ಹೊಲಿಯುತ್ತಿದ್ದಳು. ಜಿಪ್ಪನ್ನು ತಿರುಗಿಸಿ ನೋಡಿ ಕಣ್ಣರಳಿಸಿದಳು.

"ಅಯ್ಯಯ್ಯೋ, ಎಷ್ಟು ಸಲ ತೆಗೆದು ಹಾಕಿದ್ರೆ ಹಲ್ಲು ಹೀಗೆ ಸವೆಯುತ್ತೆ ಮೇಸ್ತ್ರಿ! ಇಂಥ ಜಿಪ್ಪು ನನ್ನ ಜನ್ಮದಲ್ಲೇ ನೋಡಿಲ್ಲ."

"ಸವೆದಿದ್ದಲ್ಲ, ಅದು ಸಿಮೆಂಟು..."

"ಕೈಯಲ್ಲಿ ಸಿಮೆಂಟಿದ್ರೂ ಓದು ಬಿಟ್ಟಿಲ್ಲ ಅನ್ನಿ!" ಎಂದು ಅವಳು ಕತ್ತರಿ ಆಡಿಸಿಯೇಬಿಟ್ಟಳು. ಕವರನ್ನು ತಾನಿಟ್ಟುಕೊಂಡು ಪುಸ್ತಕವನ್ನು ಅವನ ಕೈಗೆ ಕೊಟ್ಟಳು. "ಹೊಸ ಜಿಪ್ಪು ಹಾಕ್ತೀನಿ, ಕೂತ್ಕೊಳ್ಳಿ."

ಮೇಸ್ತ್ರಿ ಸ್ಟೂಲಿನ ಮೇಲೆ ಕುಳಿತ. ಸಂಜೆಗೆ ಏನಾದರೂ ಸಿಕ್ಕೀತೆಂದು ಪುಸ್ತಕವನ್ನು ನಡುವಿನಲ್ಲಿ ಬಿಚ್ಚಿದ. ಯಾರೋ ಒಬ್ಬ ಮನುಷ್ಯ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು, ನನಗೇ ಯಾಕೆ ಹೀಗೆ ಎಂದು ದೇವರನ್ನು ಕೇಳುತ್ತಿದ್ದಾನೆ. ಕೇಳಿ ಕೇಳಿ ಸುಸ್ತಾದ ಮೇಲೆ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ. ಉತ್ತರ ಕೊಡುವುದಿಲ್ಲ, ತಿರುಗಿ ಪ್ರಶ್ನೆ ಹಾಕುತ್ತಾನೆ. ಅದೂ ಎಂಥ ಪ್ರಶ್ನೆ! ಭೂಮಿಗೆ ಪಾಯ ಹಾಕುವಾಗ ನೀನೆಲ್ಲಿದ್ದೆ? ಅಳತೆ ಹಾಕಿದವರು ಯಾರು, ನೂಲು ಹಿಡಿದವರು ಯಾರು, ಮೂಲೆಗಲ್ಲು ಕೂರಿಸಿದವರು ಯಾರು?

ಮೇಸ್ತ್ರಿಯ ಮೈ ಜುಮ್ಮೆಂದಿತು. ಜೀವಮಾನವಿಡೀ ಪಾಯ ತೋಡಿದವನು ಅವನು. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು ಎಂಬುದೊಂದೇ ಅವನಿಗೆ ಗೊತ್ತಿದ್ದ ಶಾಸ್ತ್ರ. ಆ ಗಟ್ಟಿ ನೆಲ ಯಾವುದರ ಮೇಲೆ ಕೂತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ತನ್ನ ಕಸುಬಿನ ಮಾತಿನಲ್ಲೇ ದೇವರು ಮಾತಾಡುತ್ತಿದ್ದಾನೆ! ಅವನು ಕಾಲಿನ ಕೆಳಗಿನ ನೆಲವನ್ನು ನೋಡಿ, ಮೆಲ್ಲಗೆ ಚಪ್ಪಲಿ ಬಿಟ್ಟ. ಓದುತ್ತಾ ಹೋದ. ಸಮುದ್ರಕ್ಕೆ ಹಾಕಿದ ಬಾಗಿಲು, ಹಿಮದ ಉಗ್ರಾಣ, ಹಸಿದ ಕಾಗೆ ಮರಿಗಳು, ಯುದ್ಧದ ವಾಸನೆಗೆ ಕೆನೆಯುವ ಕುದುರೆ. ಗಿರಾಕಿಗಳು ಬಂದರು, ಹೋದರು. ಮಧ್ಯಾಹ್ನದ ಊಟದ ಹೊತ್ತು ಮೀರಿ ಸಂಜೆಯಾಯಿತು. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳುವುದೂ ಅವನಿಗೆ ತೋಚಲಿಲ್ಲ. ಇಂಥದ್ದನ್ನು ತೊಡೆಯ ಮೇಲಿಟ್ಟುಕೊಂಡು ವರ್ಷವಿಡೀ ಗೊರಕೆ ಹೊಡೆದೆನಲ್ಲ!

ಕಡೆಗೆ ದೇವರು, ಈಗ ನೀನು ಉತ್ತರ ಕೊಡು ಎಂದ. ಆ ಮನುಷ್ಯ ಬಾಯಿ ತೆರೆದ. ಮೇಸ್ತ್ರಿ ಉಸಿರು ಬಿಗಿಹಿಡಿದು ಪುಟ ತಿರುವಲು ಹೋದ.

"ಆಯ್ತು ಕೊಡಿ!" ಟೈಲರಮ್ಮ ಪುಸ್ತಕ ಕಸಿದು ಕವರಿಗೆ ತೂರಿಸಿ ಸರ್ರನೆ ಜಿಪ್ಪೆಳೆದಳು. "ನಿಮ್ಮನೇಲಿ ಜನ ಸೇರ್ತಾ ಇದಾರೆ, ನಡೀರಿ."

ಮನೆಯ ನಡುಕೋಣೆ ಆಗಲೇ ತುಂಬಿತ್ತು. ಟೈಲರಮ್ಮ ಜಿಪ್ಪು ಸವೆದ ಕತೆಯನ್ನು ಬಾಗಿಲಲ್ಲೇ ಶುರುಮಾಡಿದಳು. ಮೇಸ್ತ್ರಿ ಬೈಬಲ್ಲನ್ನು ಮೇಜಿನ ಮೇಲಿಟ್ಟು ಎಲ್ಲರೆದುರು ನಿಂತ. ಇಷ್ಟು ದೊಡ್ಡದನ್ನು ಓದಿ ಬಂದ ಬಾಯಿಂದ ಸುಳ್ಳು ಹೊರಡಲಿಲ್ಲ.

"ನಾನು ಒಂದು ವರ್ಷದಿಂದ ಈ ಪುಸ್ತಕ ತೆರೆದೇ ಇಲ್ಲ. ಮಹಡೀಲಿ ನಿದ್ದೆ ಮಾಡ್ತಿದ್ದೆ. ಇವತ್ತೇ ಮೊದಲು ಓದಿದ್ದು."

ಹೆಂಡತಿಯ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಭೂಮಿಯ ಪಾಯದ ವಿಷಯ ಹೇಳಿದ, ನೂಲು ಹಿಡಿದವನ ವಿಷಯ ಹೇಳಿದ. ಪೋಸ್ಟ್‌ಮಾವ ಕೂಡ ಕಾಲಿನ ಕೆಳಗಿನ ನೆಲವನ್ನು ನೋಡಿದರು.

ಸಭೆ ಹಿರಿಯರು ಕಣ್ಣೊರೆಸಿಕೊಂಡರು. "ಕೇಳಿದ್ರಾ? ಇಷ್ಟು ಓದಿದೋರು ಏನೂ ಓದಿಲ್ಲ ಅಂತಾರೆ. ಇದಪ್ಪಾ ವಿನಯ ಅಂದ್ರೆ!"

"ವಿನಯ ಅಲ್ಲ, ನಿಜವಾಗ್ಲೂ..."

"ನಾನೇ ಕಣ್ಣಾರೆ ನೋಡ್ದೆ," ಎಂದಳು ಟೈಲರಮ್ಮ. "ಊಟ ಬಿಟ್ಟು ಅಳ್ತಾ ಓದ್ತಿದ್ರು."

ಮೇಸ್ತ್ರಿ ಸೋತ. ಅವನಿಗೀಗ ಬೇಕಾಗಿದ್ದುದು ಒಂದೇ. "ಹಿರಿಯರೇ, ದೇವರು ಅಷ್ಟೆಲ್ಲ ಕೇಳಿದ ಮೇಲೆ ಆ ಮನುಷ್ಯ ಏನು ಉತ್ತರ ಕೊಟ್ಟ?"

ಹಿರಿಯರು ಟೈಲರಮ್ಮನನ್ನು ನೋಡಿದರು, ಟೈಲರಮ್ಮ ಪೋಸ್ಟ್‌ಮಾವನನ್ನು ನೋಡಿದಳು, ಪೋಸ್ಟ್‌ಮಾವ ಫ್ಯಾನು ನೋಡಿದರು. ಹಿರಿಯರು ಗಂಟಲು ಸರಿಮಾಡಿಕೊಂಡು, "ಎಂಥ ಪ್ರಶ್ನೆ! ಇದಕ್ಕೆ ನಾವೆಲ್ಲ ನಮ್ಮ ನಮ್ಮ ಬಾಳಲ್ಲೇ ಉತ್ತರ ಹುಡುಕ್ಬೇಕು. ಆಮೆನ್," ಎಂದರು. ಎಲ್ಲರೂ ಗಟ್ಟಿಯಾಗಿ ಆಮೆನ್ ಎಂದರು.

ಜನ ಎದ್ದರು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ ಪೋಸ್ಟ್‌ಮಾವನ ಬೈಬಲ್ಲಿಗೆ ಕೈಚಾಚಿದ. "ಒಂದು ನಿಮಿಷ ಕೊಡಿ ಮಾವ, ನೋಡಿ ಕೊಡ್ತೀನಿ."

"ನನ್ನನ್ನ ಪರೀಕ್ಷೆ ಮಾಡ್ತೀಯೇನಯ್ಯಾ?" ಮಾವ ಬೈಬಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ಅವಸರದಲ್ಲಿ ಹೊರಟೇಬಿಟ್ಟರು.

ಹೋಗಲಿ, ತನ್ನದೇ ಇದೆಯಲ್ಲ ಎಂದು ಮೇಸ್ತ್ರಿ ಮೇಜಿನ ಕಡೆ ತಿರುಗಿದ. ಮೇಜು ಖಾಲಿಯಾಗಿತ್ತು.

"ನನ್ನ ಬೈಬಲ್ಲೆಲ್ಲಿ?"

"ಹಿರಿಯರ ಅತ್ತೆ ಊರಿಗೆ ಹೊರಟಿದ್ರು, ಅವರ ಕೈಲಿ ಕೊಟ್ಟು ಕಳಿಸ್ದೆ," ಎಂದಳು ಹೆಂಡತಿ. ಅವಳ ಮುಖ ಬೆಳಿಗ್ಗೆಗಿಂತಲೂ ಅರಳಿತ್ತು. "ಅವರಿಗೆ ಕಣ್ಣಿಗೆ ಆಪರೇಷನ್ ಆಗ್ಬೇಕಂತೆ. ಇಂಥ ಭಕ್ತರು ಓದಿದ ಪುಸ್ತಕ ದಿಂಬಿನ ಕೆಳಗಿದ್ರೆ ಸಾಕು, ಧೈರ್ಯ ಬರುತ್ತೆ ಅಂದ್ರು. ನಿಮಗೇನು, ಎಲ್ಲಾ ಬಾಯಿಪಾಠ!"

ಮೇಸ್ತ್ರಿ ಕುರ್ಚಿಯ ಮೇಲೆ ಕುಸಿದ. "ನಿಜವಾಗ್ಲೂ ಹೇಳ್ತೀನಿ ಕಣೇ, ನಾನು ಓದಿರೋದು ಅಷ್ಟೇ. ಅವನು ಏನಂದ ಅಂತ ನನಗೆ ಗೊತ್ತಿಲ್ಲ."

"ಸಾಕು ಬಿಡಿ," ಎಂದು ಹೆಂಡತಿ ನಕ್ಕಳು. "ಜನರೆದುರು ಸರಿ. ಮನೆಯೊಳಗೂ ಇಷ್ಟೊಂದು ವಿನಯ ಬೇಡ."