ಮಾವನನ್ನು ದೇವರಾಗಲು ಬಿಡದ ಅತ್ತೆ

ಸಾವಿನ ಮನೆಗೆ ಹೋಗಿ, ನಗು ತಡೆಯಲಾರದೆ ಹಿತ್ತಲಿಗೆ ಓಡಿದ್ದೀರಾ? ಇಲ್ಲವೆಂದರೆ ಗಡಿಯೂರು ಮಖ್ತಲಿನ ನಮ್ಮ ಸೋದರತ್ತೆಯ ಪರಿಚಯ ನಿಮಗಿಲ್ಲ ಎಂದೇ ಅರ್ಥ!

ತೆಲಂಗಾಣ ರಾಜ್ಯ ಹುಟ್ಟುವುದಕ್ಕೆ ಕೆಲವೇ ದಿನಗಳಿರುವಾಗ ಮಾವ ತೀರಿಕೊಂಡರು. ಬಟ್ಟೆ ವ್ಯಾಪಾರಿ, ಜೊತೆಗೆ ಪ್ರತ್ಯೇಕ ರಾಜ್ಯದ ಹುಚ್ಚು. ಮಣ್ಣು ಮುಗಿಸಿ ಬಂದದ್ದೇ ತಡ, ಬಂಧುಗಳು ಅಳುತ್ತಾ ಬರತೊಡಗಿದರು. ನಮ್ಮ ಕಡೆ ಅಳುವುದೆಂದರೆ ಸುಮ್ಮನೆಯೇ? ಸತ್ತವರ ಗುಣಗಳನ್ನು ರಾಗವಾಗಿ ಹಾಡಬೇಕು. ಅತ್ತೆಗೆ ಆಗದಿದ್ದದ್ದು ಅದೇ!

ಉಟ್ಕೂರಿನಿಂದ ಮಾವನ ತಂಗಿ ಬಂದು, "ಒಂದು ದಿನಾನೂ ಸಿಟ್ಟಾಗಿಲ್ಲಲ್ಲೋ ನನ್ನಣ್ಣಾ!" ಎಂದು ಶುರುಮಾಡಿದರು.

"ಯಾರು, ನಿಮ್ಮಣ್ಣಾ?" ಅತ್ತೆ ಸೆಟೆದು ಕೂತರು. "ಚೌಕಾಬಾರದಾಗ ನನ್ನ ಕೈಲಿ ಸೋತ್ರ ಕವಡಿ ಎತ್ತಿ ಬಾವ್ಯಾಗ ಒಗೀತಿದ್ರು! ಕವಡಿ ಎಲ್ಲಾ ಬಾವಿ ಪಾಲಾಗಿ, ಈಗ ಹುಣಸಿಬೀಜ ಇಟ್ಕೊಂಡು ಆಡ್ತಿದ್ವಿ!"

ತಂಗಿಗೆ ರಾಗ ತಪ್ಪಿತು. ಸೆರಗು ಬಾಯಿಗಿಟ್ಟುಕೊಂಡರು. ಒಳಗಿಂದ ಬಂದದ್ದು ಅಳುವಲ್ಲ!

ಗದ್ವಾಲದ ವ್ಯಾಪಾರಿಯೊಬ್ಬರು, "ಸುಳ್ಳು ಹೇಳಿದ ಮನುಷ್ಯಾನೇ ಅಲ್ರೀ" ಎಂದು ಕಣ್ಣೊರೆಸಿಕೊಂಡರು.

"ಬಣ್ಣ ಹೋಗಂಗಿಲ್ಲ ಅಂತ ನಿಮಗೊಂದು ಸೀರಿ ಕೊಟ್ಟಿದ್ರಲ್ಲ, ಏನಾತದು?"

ಅವರು ತಲೆ ತಗ್ಗಿಸಿದರು. "ನನ್ನ ಧೋತರ ಸುದ್ದಾ ಕೆಂಪಾತ್ರಿ."

ನಮ್ಮಪ್ಪ ಸಿಡಿದೆದ್ದರು. "ಸತ್ತವರ ಮಾನ ಕಳೀತಿಯೇನವ್ವಾ?"

"ಇವರು ಹೇಳೋದು ಕೇಳಿದ್ರ ಬ್ಯಾರೆ ಯಾರನ್ನೋ ಮಣ್ಣು ಮಾಡಿ ಬಂದಂಗ ಆಗ್ತೈತಿ ಅಣ್ಣಾ. ನನ್ನ ಗಂಡ ಹೆಂಗಿದ್ರೋ ಹಂಗ ಇರ್ಲಿ" ಎಂದುಬಿಟ್ಟರು ಅತ್ತೆ.

ಊರ ಹುಡುಗರು ಸಂತಾಪ ಸಭೆ ಇಟ್ಟರು. ಬೇಡಬೇಡವೆಂದರೂ ಅತ್ತೆಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮುಂದಾಳು ಮೈಕು ಹಿಡಿದು, "ರಾಜ್ಯಕ್ಕಾಗಿ ಹನಿ ನೀರೂ ಮುಟ್ಟದೆ ಉಪವಾಸ ಕೂತ ಧೀರ!" ಎಂದು ಗುಡುಗಿದ. ಅತ್ತೆ ಎದ್ದರು!

"ತಂಬಿಗಿ ಹಿಡ್ಕೊಂಡು ಬಯಲಕಡಿ ಹೋಗ್ತೀನಂತ ಟೆಂಟಿನಿಂದ ಎದ್ದು, ಹಿತ್ತಲ ಬಾಗಿಲಿಂದ ಬಂದು ರೊಟ್ಟಿ, ಪುಂಡಿಪಲ್ಯ ಉಂಡು ಹೋದ್ರಪ್ಪಾ! ಬಡಿಸಿದಾಕಿ ನಾನೇ!"

"ಕೂರ್ಚೋಂಡಮ್ಮಾ!" ಎಂದು ಆತ ಕೂರುವಂತೆ ತೆಲುಗಿನಲ್ಲಿ ಅಂಗಲಾಚಿದ. ಯಾರು ಕೇಳಬೇಕು? ಹಿಂದಿನ ಸಾಲಿನಿಂದ ಇನ್ನೊಬ್ಬ ಉಪವಾಸಿ ಕೂಗಿದ: "ನನಗೂ ಎರಡು ರೊಟ್ಟಿ ಕಟ್ಟಿ ತಂದಿದ್ದ ಪುಣ್ಯಾತ್ಮ!" ಮೌನಾಚರಣೆ ಮಾಡಲು ಸಭೆಯಲ್ಲಿ ಮೌನವೇ ಉಳಿಯಲಿಲ್ಲ!

ರಾಜ್ಯ ಬಂದೇಬಿಟ್ಟಿತು. ಊರೆಲ್ಲ ಗುಲಾಲು, ಪಟಾಕಿ, ಹಲಗೆ ಬಡಿತದ ಅಬ್ಬರ! ಮೆರವಣಿಗೆ ಅತ್ತೆಯ ಮನೆ ಮುಂದೆ ಬಂದೊಡನೆ ಹಲಗೆ ಗಪ್ಪಾಯಿತು. ದುಃಖದ ಮನೆಯಲ್ಲವೇ? ಅತ್ತೆ ಹೊರಬಂದರು.

"ಯಾಕೋ ನಿಂದ್ರಸಿದ್ರಿ? ಅವರು ಇದ್ದಿದ್ರ ಮುಂದ ನಿಂತು ಕುಣೀತಿದ್ರು. ಕುಣಿಯಾಕ ಬರ್ತಿದ್ದಿಲ್ಲ, ಆದ್ರೂ ಕುಣೀತಿದ್ರು!"

ಹೇಗೆಂದು ತೋರಿಸಿಯೇಬಿಟ್ಟರು! ಸೊಂಟದ ಮೇಲೊಂದು ಕೈ, ಗಾಳಿಯಲ್ಲೊಂದು ಕೈ, ಕಾದ ನೆಲ ತುಳಿದ ಕೋಳಿಯ ಹಾಗೆ ಹೆಜ್ಜೆ. ಥೇಟ್ ಮಾವ! ಓಣಿಗೆ ಓಣಿಯೇ ಕೇಕೆ ಹಾಕಿತು. ನಾನೂ ಕುಣಿದೆ. ಕೊನೆಗೆ ನಮ್ಮಪ್ಪನೂ!

ಮೆರವಣಿಗೆ ತಿರುವಿನಲ್ಲಿ ಮರೆಯಾಯಿತು. ಅತ್ತೆ ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟರು. ಪಕ್ಕದಲ್ಲಿ ಕೂತ ನನ್ನನ್ನು ಸಣ್ಣ ದನಿಯಲ್ಲಿ ಕೇಳಿದರು: "ನನಗ ಗೊತ್ತಿದ್ದದ್ದೆಲ್ಲಾ ಹೇಳಿ ಮುಗೀತವ್ವಾ. ನನಗ ಗೊತ್ತಿಲ್ಲದ್ದು ಅವರದು ಏನರ ನಿನಗ ಗೊತ್ತೈತೇನು?"

ಚಿಕ್ಕವಳಿದ್ದಾಗ ಮಾವ ನನ್ನನ್ನು ಗದ್ವಾಲಕ್ಕೆ ಕರೆದೊಯ್ದದ್ದನ್ನು ಹೇಳಿದೆ. ನೇಕಾರರ ಮನೆಯಲ್ಲಿ ಒಂದೊಂದೇ ಸೀರೆಯ ಸೆರಗನ್ನು ನನ್ನ ತೋಳಿನ ಮೇಲೆ ಹಾಸಿ ನೋಡುತ್ತಿದ್ದರು. ಕೈ ನೋಯುತ್ತದೆಂದು ನಾನು ಮುಖ ಸಿಂಡರಿಸಿದರೆ, "ನಿಮ್ಮತ್ತಿ ಮೈಬಣ್ಣ ನಿಂದೇ ಐತಿ. ಆಕಿಗೆ ಒಪ್ಪೋದು ಸಿಗೂತನಕ ಕೈ ತಗೀಬ್ಯಾಡವ್ವಾ" ಎಂದಿದ್ದರು.

ಅತ್ತೆ ಈಗ ಇದನ್ನೂ ತಿದ್ದುತ್ತಾರೆಂದು ಕಾದೆ. ಅವರು ನನ್ನ ತೋಳನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅದರ ಮೇಲೆ ಸೀರೆಯಿದ್ದಂತೆ ಮೆಲ್ಲಗೆ ಅಂಗೈ ಆಡಿಸಿದರು.

"ಮತ್ತ?" ಎಂದರು. "ಮತ್ತೇನಂದ್ರು?"