ಮೀನಿಲ್ಲದ ತೊಟ್ಟಿಯ ಊಟ

ಮೀನೇ ಇಲ್ಲದ ಗಾಜಿನ ತೊಟ್ಟಿಗೆ ಸಮ್ಮೇದ ಐದು ವಾರದಿಂದ ದಿನವೂ ಚಿಟಿಕೆಯಷ್ಟು ಮೀನಿನ ಆಹಾರ ಹಾಕುತ್ತಿದ್ದ. ಚಿಕ್ಕೋಡಿಯ ಆ ಓಣಿಗೆ ಇದಕ್ಕಿಂತ ದೊಡ್ಡ ಮನರಂಜನೆ ಇರಲಿಲ್ಲ. ಎದುರುಮನೆಯ ನಿವೃತ್ತ ಕಂಡಕ್ಟರ್ ಬಾಳಾಸಾಬ ಅಂತೂ, ಊಟಕ್ಕೆ ಕರೆದವನೇನೋ ಇದ್ದಾನೆ, ಉಣ್ಣುವವರೇ ಬಂದಿಲ್ಲ ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದರು.

ಹೈಸ್ಕೂಲಿನ ಗುಮಾಸ್ತ ಸಮ್ಮೇದನಿಗೆ ಈ ಹುಚ್ಚು ಹಿಡಿದದ್ದು ಹಲ್ಲಿನ ಡಾಕ್ಟರ ದವಾಖಾನೆಯಲ್ಲಿ. ಅಲ್ಲಿದ್ದ ಮೀನುಗಳನ್ನು ನೋಡುತ್ತ ಕೂತವನಿಗೆ ಹಲ್ಲುನೋವೇ ಮರೆತುಹೋಗಿತ್ತು. ಆದರೆ ತಾಯಿ ಅಕ್ಕುತಾಯಿ ಕಟ್ಟಾ ಜೈನ ಹೆಂಗಸು. ಕುಡಿಯುವ ನೀರು ಸೋಸಿದ ಮೇಲೆ, ಬಟ್ಟೆಗಂಟಿದ ಕಣ್ಣಿಗೆ ಕಾಣದ ಜೀವಗಳನ್ನೂ ಜೋಪಾನವಾಗಿ ಹಿತ್ತಲ ಬಾವಿಗೇ ಮರಳಿ ಬಿಡುವವರು. "ಒಂದ ಮೀನ ಸತ್ರೂ ತೊಟ್ಟಿ ಈ ಮನ್ಯಾಗ ಇರೂದಿಲ್ಲ" ಎಂದು ಕರಾರು ಹಾಕಿದ್ದರು.

ಅದಕ್ಕೇ ಈ ತಪಸ್ಸು. ಹಾಕಿದ ಆಹಾರ ಕೊಳೆತು ಅಮೋನಿಯಾ ಎಂಬ ವಿಷ ಹುಟ್ಟಬೇಕು, ಆ ವಿಷ ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಬೇಕು, ಆಮೇಲೆ ಮೀನು. ಇಲ್ಲದಿದ್ದರೆ ತಮ್ಮದೇ ಹೊಲಸಿನಿಂದ ಹುಟ್ಟುವ ಇದೇ ವಿಷಕ್ಕೆ ಮೀನುಗಳು ಸಾಯುತ್ತವೆ. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟಾಗ ಹಸಿರಾದರೆ ವಿಷ, ಹಳದಿಯಾದರೆ ನಿಶ್ಚಿಂತೆ. ಈತನಕ ಬರೀ ಹಸಿರು.

ಈ ರವಿವಾರ ಬೆಳಿಗ್ಗೆ ಕೊಳವೆ ಹಿಡಿದು ಕೂರುವಷ್ಟರಲ್ಲಿ ಪಕ್ಕದ ಮನೆಯ ಕೆಂಚವ್ವ ನೀರು ತಿಳಿಯಾಗಲೆಂದು ಪಟಿಕದ ಹರಳು ತಂದಳು. ಅದನ್ನು ಕಸಿದುಕೊಳ್ಳುವಷ್ಟರಲ್ಲಿ ಬಾಳಾಸಾಬ ಬ್ಲೀಚಿಂಗ್ ಪೌಡರಿನ ಪೊಟ್ಟಣ ಬಿಚ್ಚಿದ್ದರು. ಸಮ್ಮೇದ ತೊಟ್ಟಿಯನ್ನು ಎರಡೂ ಕೈಗಳಿಂದ ತಬ್ಬಿಕೊಂಡು, ಅಂಗಿ ತೋಯಿಸಿಕೊಂಡು, ಹೇಗೋ ಕಾಪಾಡಿದ.

ಹನಿ ಬಿಟ್ಟ. ಹಳದಿ. ಮತ್ತೊಮ್ಮೆ ನೋಡಿದ, ಅಪ್ಪಟ ಹಳದಿ. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ನಕ್ಕವರೆಲ್ಲ ಕೊಳವೆ ನೋಡಲು ಮುಗಿಬಿದ್ದರು. ಅವರ ಮುಂದೆ ಅವನು ತಾಯಿಗೆ ಕಂದುಬಣ್ಣದ ಸ್ಪಂಜು ತೋರಿಸಿದ.

"ಇದರಾಗ ಕೋಟಿಗಟ್ಟಲೆ ಜೀವ ಅದಾವು ಅವ್ವ. ಹಗಲೂ ರಾತ್ರಿ ವಿಷಾ ತಿಂದ ಬದಕ್ತಾವು."

ಅಕ್ಕುತಾಯಿಯ ಕಣ್ಣು ತುಂಬಿ ಬಂತು. ಮಗನ ಸಾಧನೆಗೆ ಬಂದ ಕಣ್ಣೀರೆಂದು ಸಮ್ಮೇದ ಬೀಗುತ್ತ ನಿಪ್ಪಾಣಿಯ ಬಸ್ಸು ಹತ್ತಿದ.

ಮಧ್ಯಾಹ್ನ ಆರು ಗಪ್ಪಿ ಮೀನುಗಳಿದ್ದ ಚೀಲವನ್ನು ಮಗುವಿನಂತೆ ಎದೆಗಪ್ಪಿಕೊಂಡು ಬಂದ. ಹಿತ್ತಲ ಹಗ್ಗದ ಮೇಲೆ, ಅವನ ಬನಿಯನ್ನಿನ ಪಕ್ಕದಲ್ಲಿ, ಸ್ಪಂಜು ಬೆಳ್ಳಗೆ ಒಣಗುತ್ತಿತ್ತು.

"ಕೋಟಿ ಜೀವಾ ಕೂಡಿಹಾಕಿ ವಿಷಾ ತಿನ್ನಸೂದು ಯಾವ ಧರ್ಮನೋ?" ಎಂದರು ಅಕ್ಕುತಾಯಿ. "ಬಾವಿ ನೀರಾಗ ತೊಳದು ತೊಳದು, ಆ ನೀರ ಬಾವೀಗೇ ಬಿಟ್ಟೀನಿ. ಪಾಪ, ಈಗ ಆರಾಮ ಇರ್ತಾವು. ನೀ ಮೀನ ಬಿಡು."

ಸಮ್ಮೇದ ಚೀಲ ಹಿಡಿದೇ ಹಗ್ಗದತ್ತ ಓಡಿ ಸ್ಪಂಜು ಹಿಂಡಿ ನೋಡಿದ. ಆ ಜೀವಗಳಿಲ್ಲದೆ ತೊಟ್ಟಿಯಲ್ಲಿ ಈ ಮೀನು ಉಳಿಯುವುದಿಲ್ಲ ಎಂದು ಅಳುದನಿಯಲ್ಲಿ ವಿವರಿಸಿದ. ತಾಯಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಅಂದ್ರ ಅವು ಎಲ್ಲಿ ಅದಾವೋ ಮೀನ ಅಲ್ಲಿ ಇರಬೇಕು, ಹೌದಲ್ಲ?"

ಬೇರೆ ದಾರಿ ಕಾಣದೆ ಅವನು ಬಾವಿಯ ನೀರಿಗೆ ಹನಿ ಬಿಟ್ಟು ನೋಡಿದ. ಅಂಥ ಚೆಂದದ ಹಳದಿ ಐದು ವಾರದಲ್ಲಿ ಅವನು ಕಂಡಿರಲಿಲ್ಲ. ಸ್ವಲ್ಪ ಹೊತ್ತು ಚೀಲವನ್ನು ನೀರಿನಲ್ಲಿ ತೇಲಿಸಿಟ್ಟು, ಆರೂ ಮೀನುಗಳನ್ನು ಬಿಟ್ಟದ್ದಾಯಿತು. ಅವು ಬಾಲ ಬೀಸುತ್ತ ಓಡಾಡುವುದನ್ನು ನೋಡಲು ಓಣಿಯೇ ಬಾವಿಕಟ್ಟೆಗೆ ಬಂತು. ಅಕ್ಕುತಾಯಿ ಕೊಳವೆ ಎತ್ತಿ ಹಿಡಿದು, ಹಳದಿ ಅಂದರೇನು, ಹಸಿರು ಅಂದರೇನು ಎಂದು ಎಲ್ಲರಿಗೂ ತಿಳಿಸಿ ಹೇಳಿದರು. ಇಂಥ ತಿಳಿವಳಿಕೆಯ ಹೆಂಗಸು ತಾಲೂಕಿನಲ್ಲೇ ಇಲ್ಲವೆಂದು ಬಾಳಾಸಾಬ ಕೊಂಡಾಡಿದರು.

ಸಂಜೆ ಬಾಳಾಸಾಬ ಮನೆಗೆ ಹೋಗುವಾಗ ಕಿಟಕಿಯಲ್ಲಿ ಇಣುಕಿದರು. ಸಮ್ಮೇದ ಸ್ಪಂಜನ್ನು ಫಿಲ್ಟರಿಗೆ ಹಾಕಿ, ತೊಟ್ಟಿಯ ಮುಂದೆ ಒಬ್ಬನೇ ಕೂತಿದ್ದ.

"ಮೀನ ಬಾವ್ಯಾಗ ಅದಾವಲ್ಲೋ ತಮ್ಮಾ" ಎಂದರು ಬಾಳಾಸಾಬ.

"ಗೊತ್ತೈತ್ರಿ ಕಾಕಾ" ಎಂದು ಸಮ್ಮೇದ ತೊಟ್ಟಿಗೆ ಒಂದು ಚಿಟಿಕೆ ಆಹಾರ ಹಾಕಿದ.