ಮುಮ್ತಾಜಳ ಬಿಲ್ಲು, ನನ್ನ ಕಿವಿ

ಆದದ್ದು ಇಷ್ಟೇ. ಬಿಲ್ಲು ಮುರಿಯಲಿಲ್ಲ, ಮಗಳ ಭುಜ ಹರಿಯಲಿಲ್ಲ. ನನ್ನ ಮಾತು ಕೇಳಿದ್ದಕ್ಕೆ ಎರಡೂ ಹೋಗಬೇಕಿತ್ತು, ಹೋಗಲಿಲ್ಲ. ಅಳಿಯ ಇದನ್ನು ಹೇಳುವಾಗ ಬಿಲ್ಲಿನ ಅಂಗಡಿಗೆ ಬಾಂಬು ಬಿದ್ದ ಹಾಗಿರುತ್ತದೆ; ಅವನು ಅಲ್ಲಿ ಇರಲೇ ಇಲ್ಲ. ವಯಸ್ಸಾದವರಿಗೆ ಒಂದು ಕೆಟ್ಟ ಚಟ. ಗೊತ್ತಿಲ್ಲದ ವಸ್ತು ಎದುರಿಗೆ ಬಂದರೆ ಗೊತ್ತಿರುವ ಯಾವುದಕ್ಕೋ ಹೋಲಿಸುತ್ತೇವೆ, ಆಮೇಲೆ ಎರಡೂ ಒಂದೇ ಎಂದು ನಂಬಿಬಿಡುತ್ತೇವೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಮೈಕ್ರೋವೇವನ್ನು ಒಲೆ ಎಂದು ನಂಬಿ ಅದರೊಳಗೆ ಸ್ಟೀಲ್ ಡಬ್ಬಿ ಇಟ್ಟಿದ್ದೆ. ಆ ಕಥೆ ಈಗ ಬೇಡ.

ನನ್ನ ಮಗಳು ಮುಮ್ತಾಜ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಬೆರ್ರಿಯೆಸಾದ ನಮ್ಮ ಮನೆಯಿಂದ ರೈಲಿನಲ್ಲಿ ಹೋಗಿಬರುತ್ತಾಳೆ. ಹೋದ ವರ್ಷ ಮಂಚದಿಂದ ಜಾರುತ್ತಿದ್ದ ಭಾರಿ ಮೈಯ ರೋಗಿಯೊಬ್ಬನನ್ನು ಹಿಡಿಯಲು ಹೋಗಿ ಬಲ ಭುಜದೊಳಗೆ ಏನೋ ಹರಿದುಕೊಂಡಳು. ಹೊಲಿದರು. ಇನ್ನೊಮ್ಮೆ ಹರಿದರೆ ಹೊಲಿಯುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದರು. ಅಂದರೆ ವಾರ್ಡು ಬಿಟ್ಟು ಯಾವುದೋ ಮೂಲೆಯಲ್ಲಿ ಕೂತು ಫೋನು ಎತ್ತಬೇಕು. ಅವಳು ಫೋನು ಎತ್ತುವ ಹೆಂಗಸಲ್ಲ. ನಾನು ಮಾಡಿದರೂ ಎತ್ತುವುದಿಲ್ಲ. ಇಂಥವಳು ಕೈ ಸ್ವಲ್ಪ ಮೇಲೆ ಏಳುತ್ತಿದ್ದ ಹಾಗೆ ಜಿಂಕೆ ಬೇಟೆಗೆ ಹೋಗುತ್ತೇನೆ ಅಂದಳು. ವಾರ್ಡಿನ ಗೆಳತಿಯೊಬ್ಬಳು ವರ್ಷಾ ವರ್ಷಾ ಗುಡ್ಡ ಹತ್ತಿ ಬಿಲ್ಲಿನಲ್ಲೇ ಹೊಡೆಯುತ್ತಾಳಂತೆ. ಬಾಣ ಬಿಡುವಾಗ ಬಿಸ್ಮಿಲ್ಲಾ ಅಂದರೆ ಮಾಂಸ ತಿನ್ನಬಹುದು ಎಂದು ತಿಳಿದವರನ್ನು ಕೇಳಿಕೊಂಡೂ ಬಂದಿದ್ದಳು. ಅಳಿಯ ರಫೀಕ ಬೆರಳು ಕೊಯ್ದುಕೊಂಡರೆ ಕಣ್ಣು ಮುಚ್ಚಿಕೊಳ್ಳುವ ಜಾತಿ. ಹಲಾಲ್ ಮಾಂಸ ಗ್ರೋಸರಿಯಲ್ಲಿ ಸಿಗುತ್ತದಲ್ಲ, ಪ್ಯಾಕು ಮಾಡಿ ಕೊಡುತ್ತಾರಲ್ಲ ಎಂದ. ಅಪರೂಪಕ್ಕೆ ನಾನೂ ಅವನ ಕಡೆಗೇ ನಿಂತೆ. ಮುಮ್ತಾಜ ನನ್ನ ಕಡೆ ತಿರುಗಿ ಹೇಳಿದಳು, “ಯವ್ವಾ, ಈ ಕೈ ನಂದೋ ಡಾಕ್ಟರಂದೋ ನೋಡಬೇಕಾಗೇತಿ ಬೇ.” ವಾದದಲ್ಲಿ ಸೋತರೆ ನಾನು ಜೊತೆಗೆ ಹೊರಡುತ್ತೇನೆ. ಬಿಲ್ಲು ಕೊಳ್ಳಲು ಅಂಗಡಿಗೂ ಹೊರಟೆ.

ಬಿಲ್ಲಿನ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಲ್ಲ ಎಂದೂ ಅಂದುಕೊಂಡಿದ್ದೆ. ನಾನು ಗದಗಿನ ಪಿಂಜಾರರ ಮನೆಯವಳು. ಅಪ್ಪ ಆಳುದ್ದದ ಬಿಲ್ಲು ಹೆಗಲ ಮೇಲೆ ಹೊತ್ತು ಓಣಿ ಓಣಿ ತಿರುಗಿ ಜನರ ಹಳೆ ಗಾದಿಯ ಹತ್ತಿ ಹಿಂಜಿ ಕೊಡುತ್ತಿದ್ದ. ಆ ಬಿಲ್ಲಿಗೆ ಬಾಣವಿಲ್ಲ. ಹತ್ತಿಯ ರಾಶಿಗೆ ತಗಲಿಸಿ ಹೆದೆಯನ್ನು ಮರದ ತುಂಡಿನಿಂದ ಬಡಿದರೆ ಗಂಟುಗಂಟಾದ ಹತ್ತಿ ಅರಳಿ ಹಾರುತ್ತದೆ. ದನಿ ಕೇಳಿಯೇ ಅಪ್ಪ ಹೆದೆ ಬಿಗಿಯೋ ಸಡಿಲೋ ಹೇಳುತ್ತಿದ್ದ. ಆದರೆ ಆ ಬಿಲ್ಲು ಬಾಗಿಲಿಗೆ ತಗಲುತ್ತಿತ್ತು, ಬಸ್ಸಿನಲ್ಲಿ ಹಿಡಿಸುತ್ತಿರಲಿಲ್ಲ, ಒಮ್ಮೆ ಪೊಲೀಸನೊಬ್ಬನ ಟೋಪಿಯನ್ನೇ ಕೆಡವಿತ್ತು. ತಿರುಗಾಡುವವರ ಬಿಲ್ಲು ಗಿಡ್ಡಗಿರಬೇಕು, ಹಗುರ ಇರಬೇಕು ಎಂಬ ಬುದ್ಧಿ ನನಗೆ ಆ ಟೋಪಿಯಿಂದ ಬಂದದ್ದು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇಂಥ ಕಡೆಗಳಿಂದಲೇ ಬುದ್ಧಿ ಬರಬೇಕು.

ಅಂಗಡಿಯವನು ಗಡ್ಡದ ಮನುಷ್ಯ, ತಾಳ್ಮೆಯವನು. ನಮ್ಮಿಬ್ಬರ ಮಾತನ್ನು ಮುಮ್ತಾಜ ಆಚೆ ಈಚೆ ದಾಟಿಸುತ್ತಿದ್ದಳು. ಒಂದೇ ಕಡೆ ಕೂತು ಕಾಯುತ್ತೀರೋ, ನಡೆದು ಹುಡುಕುತ್ತೀರೋ ಎಂದು ಮೊದಲು ಕೇಳಿದ. ನಡೆಯುತ್ತೇನೆ ಅಂದಳು ಮುಮ್ತಾಜ. ಅವನು ತೆಗೆದಿಟ್ಟವು ಕಾಂಪೌಂಡ್ ಬಿಲ್ಲುಗಳು. ಎರಡೂ ತುದಿಗೆ ಬಾವಿಯ ರಾಟೆಯಂಥ ಗಾಲಿ. ಎಳೆಯುವಾಗ ಮೊದಲು ಬಿಗಿ, ಪೂರ್ತಿ ಹಿಂದಕ್ಕೆ ಬಂದಮೇಲೆ ಭಾರವೆಲ್ಲ ಇಳಿದು ಸುಮ್ಮನಾಗುತ್ತದೆ. ನನ್ನ ಗಂಡನೂ ಹಾಗೇ ಇದ್ದ, ಅರ್ಥವಾಯಿತು. ತೀರಾ ಹಗುರಾದ ಒಂದು ಬಿಲ್ಲು ಸಾರಿನ ಸೌಟಿನಷ್ಟೂ ತೂಗುತ್ತಿಲ್ಲ ಅನ್ನಿಸಿತು. ಇದೇ ಕಟ್ಟಿಸು ಎಂದೆ. ಮುಮ್ತಾಜ ಅಂಗಡಿಯ ಗುರಿಹಲಗೆಗೆ ಎರಡು ಬಾಣ ಬಿಟ್ಟಳು. ಒಂದು ಈಚೆ ಅಂಚಿಗೆ, ಒಂದು ಆಚೆ ಅಂಚಿಗೆ. ಅಷ್ಟು ಹಗುರಾದರೆ ಉಸಿರಾಡಿದರೂ ಕೈಯಲ್ಲಿ ಅಲುಗುತ್ತದೆ ಎಂದ ಅಂಗಡಿಯವನು. ಎರಡನೆಯದು ಉದ್ದನೆಯ ಬಿಲ್ಲು, ಅಲುಗಲಿಲ್ಲ, ಆದರೆ ಅದನ್ನು ಹೊತ್ತು ಪೊದೆಯಲ್ಲಿ ನುಗ್ಗಿದರೆ ಪೊದೆಯೂ ಜೊತೆಗೇ ಮನೆಗೆ ಬರುತ್ತದೆ. ಎಳೆತ ಕಡಿಮೆ ಮಾಡಿಕೊಡಿ ಎಂದೆ. ತೀರಾ ಕಡಿಮೆಯಾದರೆ ಜಿಂಕೆ ಸಾಯುವುದಿಲ್ಲ, ನರಳುತ್ತದೆ ಎಂದ. ಅದು ನನಗೂ ಸರಿ ಕಾಣಲಿಲ್ಲ. ಕೊನೆಗೆ ಬಂತು ಮೂರನೆಯದು: ಗಿಡ್ಡ, ಹಗುರ, ಆದರೆ ಕೈಯಲ್ಲಿ ಇದೆ ಎಂದು ಗೊತ್ತಾಗುವಷ್ಟು ತೂಕ. ಮುಮ್ತಾಜ ಎಳೆದಳು. ಭುಜ ಒಪ್ಪಿತು. ಅವಳ ಮುಖದಲ್ಲೇ ಅದು ಕಾಣಿಸಿತು.

ಅಲ್ಲಿಗೆ ಮನೆಗೆ ಬಂದುಬಿಡಬಹುದಿತ್ತು. ನನಗೆ ಮಾತ್ರ ದನಿ ಕೇಳದೆ ಬಿಲ್ಲು ಕೊಳ್ಳುವುದು ತಟ್ಟಿ ನೋಡದೆ ಗಡಿಗೆ ಕೊಂಡ ಹಾಗೆ ಅನ್ನಿಸಿತು. ಅವಳು ಬಾಣವಿಲ್ಲದೆ ಇನ್ನೊಮ್ಮೆ ಎಳೆದು ಹಿಡಿದಿದ್ದಾಗ, “ಬಿಡವಾ ಒಮ್ಮೆ, ದನಿ ಕೇಳೂಣು,” ಎಂದೆ. ಬಾಣವಿಲ್ಲದೆ ಬಿಡಬೇಡಿ ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಅದು ಉಳಿದವರಿಗೆ ಎಂದುಕೊಂಡಿದ್ದೆ. ವಾರ್ಡಿನಲ್ಲಿ ಡಾಕ್ಟರುಗಳನ್ನೇ ಗದರಿಸುವ ಈ ಹೆಂಗಸು, ಅವ್ವ ಬಿಡು ಅಂದ ಕೂಡಲೇ ಬಿಟ್ಟಳು.

ದನಿ ಕೇಳಿಸಿತು. ಹೆದೆ ರಾಟೆಯಿಂದ ಕಳಚಿ ಸತ್ತ ಹಾವಿನ ಹಾಗೆ ಜೋತುಬಿತ್ತು. ಮುಮ್ತಾಜ ಭುಜ ಹಿಡಿದುಕೊಂಡು ನಿಂತಿದ್ದಳು. ನಾನು ಬಿಲ್ಲನ್ನು ನೋಡಲೇ ಇಲ್ಲ. ಮೇಲೆತ್ತು, ಮುಂದೆ ಚಾಚು, ಬೆನ್ನ ಹಿಂದೆ ತಗೊಂಡು ಹೋಗು ಎಂದು ಅವಳ ಕೈಯನ್ನು ಎಲ್ಲ ದಿಕ್ಕಿಗೂ ಕಳಿಸಿದೆ. ಕೈ ಹೋಗಿ ಬಂತು. “ಏನೂ ಆಗಿಲ್ಲ ಬೇ. ಗಾಬರಿಯಾತು ಅಷ್ಟ,” ಎಂದಳು. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಯಾರೂ ಕೂತುಕೋ ಅಂದಿರಲಿಲ್ಲ.

ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ತಿರುಗಿ ಬಿಲ್ಲಿಗೇ ಬಡಿಯುತ್ತದೆ, ಬಿಲ್ಲಿನ ಬಾಗುವ ತೋಳು ಸೀಳಿರಬಹುದು ಎಂದು ಅಂಗಡಿಯವನು ಕೂಗಾಡದೆ ವಿವರಿಸಿದ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಗಲ್ಲಾಪೆಟ್ಟಿಗೆಯ ಕೆಳಗಿಂದ ಏನೋ ತೆಗೆದ. ನೋಡಿದರೆ ಹತ್ತಿಯ ಉಂಡೆ. ಅದನ್ನು ಬಿಲ್ಲಿನ ತೋಳಿನ ಉದ್ದಕ್ಕೂ ಮೆಲ್ಲಗೆ ಸವರತೊಡಗಿದ. ಕಣ್ಣಿಗೆ ಕಾಣದ ಸೀಳಿದ್ದರೂ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದಂತೆ. ಹುಟ್ಟಿದಾಗಿನಿಂದ ಹತ್ತಿಯಲ್ಲಿ ಉಸಿರಾಡಿದವಳು ನಾನು, ಹತ್ತಿ ನೋಡಿ ಉಸಿರು ಹಿಡಿದದ್ದು ಅದೇ ಮೊದಲು. ಒಂದು ತೋಳು ಮುಗಿಯಿತು, ಇನ್ನೊಂದು ಮುಗಿಯಿತು. ಎಲ್ಲೂ ಸಿಕ್ಕಲಿಲ್ಲ. ಯಂತ್ರಕ್ಕೆ ಹಾಕಿ ಹೆದೆ ಏರಿಸಿದ, ರಾಟೆ ನೋಡಿದ, ತಾನೇ ಬಾಣ ಬಿಟ್ಟು ನೋಡಿದ. ಇದೇ ತರಹದ್ದು ಬೇರೆ ಕೊಡುತ್ತೇನೆ ಎಂದ. ಮುಮ್ತಾಜ ಬೇಡವೆಂದಳು. ನನಗೆ ಕೇಳಲಿ ಎಂದು ಕನ್ನಡದಲ್ಲಿ ಸೇರಿಸಿದಳು, “ನಮ್ಮವ್ವನ ಕೈಯಾಗ ಉಳದದ್ದು ಗುಡ್ಡದಾಗ ಉಳೀತೈತಿ.” ಹೆದ್ದಾರಿ ಮುಗಿಯುವ ತನಕ ಬಿಲ್ಲನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅದನ್ನು ಅವಳು ರಫೀಕನಿಗೆ ದೊಡ್ಡ ಸುದ್ದಿಯೆಂದು ಹೇಳಿದಳು.

ಮರುದಿನ ಬೆಳಿಗ್ಗೆ ನಮಾಜು ಮುಗಿಸಿ, ಗದಗಿನಿಂದ ತಂದ ನನ್ನ ಗಾದಿಯ ಮೂಲೆ ಬಿಚ್ಚಿದೆ. ಅಂಗಡಿಯವನದು ಔಷಧದ ಹತ್ತಿ. ಅದಕ್ಕೆ ಎಳೆ ಎಲ್ಲಿದೆ? ಒಂದು ಹಿಡಿ ನಮ್ಮ ಹತ್ತಿ ತೆಗೆದು, ಬಿಲ್ಲಿನ ಎರಡೂ ತೋಳಿಗೆ ನಾನೇ ಸವರಿದೆ. ಎಲ್ಲೂ ಸಿಕ್ಕಲಿಲ್ಲ. ಸಮಾಧಾನವಾಗಿ ಹತ್ತಿಯನ್ನು ಮತ್ತೆ ಗಾದಿಗೆ ತುರುಕಲು ಹೋದರೆ ಅದು ಕೈ ಬಿಡಲೊಲ್ಲದು. ನನ್ನ ಅಂಗೈಯ ಬಿರುಕಿಗೆಲ್ಲ ಎಳೆ ಎಳೆಯಾಗಿ ಸಿಕ್ಕಿಕೊಂಡಿತ್ತು. ಅಂಗಡಿಯವನ ಲೆಕ್ಕದಲ್ಲಿ ವಾಪಸು ಕಳಿಸಬೇಕಾದ ಮಾಲು ನಾನೇ. ಒಂದೊಂದೇ ಎಳೆ ಬಿಡಿಸಿಕೊಂಡು, ಮೂಲೆ ಹೊಲಿದು, ಚಹಾಕ್ಕೆ ನೀರಿಟ್ಟೆ.